ಸುದ್ದಿ ಇನ್ನೂ ಬಾರದ ಊರು

ನಮ್ಮ ತಾತ ಕಾಳಿಮುತ್ತುವಿನ ಎಡಗಣ್ಣು ತೆಗೆದವಳು ಓಚ್ಚಮ್ಮಾಳ್. ಅವಳ ಬಾಳಿನ ಕಥೆ ಬರೆಯಲು ಬೇರೆ ಯಾರೂ ಮುಂದೆ ಬರಲಿಲ್ಲ, ಅದೇ ತಾತನ ಮೊಮ್ಮಗನಾದ ನನ್ನ ತಲೆಗೆ ಬಿತ್ತು. ಇದರಲ್ಲಿ ಎಲ್ಲಾದರೂ ಅವಳ ಹೊಗಳಿಕೆ ಕಂಡರೆ ಅದು ತಾತನದು ಎಂದು ತಿಳಿಯಿರಿ. ಅವರು ಉಳಿದ ಒಂದು ಕಣ್ಣಿನಲ್ಲೇ ಎಲ್ಲರನ್ನೂ ಕ್ಷಮಿಸಿ ನೋಡುತ್ತಿದ್ದರು. ನನಗೆ ಎರಡು ಕಣ್ಣಿವೆ, ಅಷ್ಟು ಸುಲಭವಾಗಿ ಕ್ಷಮೆ ಬರುವುದಿಲ್ಲ.

ಓಚ್ಚಮ್ಮಾಳ್ ಹುಟ್ಟಿದ್ದು ತಮಿಳು ಸೀಮೆಯ ಬೆಟ್ಟದ ಬುಡದ ಕಣಿವೆಯಲ್ಲಿ, ಕನ್ನಡ ಮಾತಾಡುವ ನಮ್ಮ ಜನದ ಓಡೈಪಟ್ಟಿಯಲ್ಲಿ. ಏಳು ವರ್ಷಕ್ಕೇ ಜೋಳದ ಹೊಲದ ಅಟ್ಟಣೆ ಹತ್ತಿ ಕವಣೆ ಹಿಡಿದಳು. ಗಿಳಿ ಓಡಿಸಲು ಕೊಟ್ಟ ಕವಣೆ ಅದು, ಆದರೆ ಅವಳ ಕೈಯಲ್ಲಿ ಗಿಳಿಗೇ ನಿಲ್ಲಲಿಲ್ಲ. ಹನ್ನೆರಡು ತುಂಬುವುದರೊಳಗೆ ಒಂದು ಕಾಡುಹಂದಿಯನ್ನು ಕೆಡವಿದ್ದಳು, ಹತ್ತಿ ಕದಿಯಲು ಬಂದ ಒಬ್ಬನ ಮುಂಭಾಗದ ನಾಲ್ಕು ಹಲ್ಲು ಉದುರಿಸಿದ್ದಳು. ಅವಳದೊಂದು ನೇಮವಿತ್ತು. ಮೊದಲ ಕಲ್ಲು ಕಾಲ ಬುಡಕ್ಕೆ, ಎಚ್ಚರಿಕೆಗೆ. ಎರಡನೆಯದು ಮೈಗೆ. ಮೂರನೆಯ ಕಲ್ಲು ಬೇಕಾದ ಪ್ರಾಣಿಯಾಗಲಿ ಮನುಷ್ಯನಾಗಲಿ ಆ ಕಣಿವೆಯಲ್ಲಿ ಇರಲಿಲ್ಲ.

ಹತ್ತು ವರ್ಷದವಳಿದ್ದಾಗ ಅವಳ ಅಪ್ಪ ಹೇರೆತ್ತುಗಳ ಜೊತೆ ಬೆಟ್ಟ ಹತ್ತಿದವನು ಮರಳಿ ಬರಲಿಲ್ಲ. ನಮ್ಮ ಜನದಲ್ಲಿ ಸುದ್ದಿಗೆ ಸೇದಿ, ಸಾವಿನ ಸುದ್ದಿಗೆ ಕೇದ ಅನ್ನುತ್ತಾರೆ. ಕೇದ ತರುವವನು ತಲೆಗೆ ಬಟ್ಟೆ ಸುತ್ತಿರಬಾರದು. ಹೇಳಿ ಮುಗಿಸುವ ತನಕ ನೀರು ಮುಟ್ಟಬಾರದು. ಸತ್ತವನ ಮನೆಯ ಹೆಂಗಸಿನ ಮುಖ ನೋಡಬಾರದು. ಊರ ಎಲ್ಲೆಕಲ್ಲಿನ ಬಳಿ ನಿಂತು ಊರಗೌಡನನ್ನು ಕರೆಸಿ, ಅವನ ಮುಂದೆ ಬಾಯಿಬಿಟ್ಟು ಹೇಳಬೇಕು. ಕೇದ ಹೇಳಿದ ಗಳಿಗೆಯಿಂದ ಸೂತಕ. ಅಲ್ಲಿಯವರೆಗೆ ಸತ್ತವನ ಹೆಂಡತಿ ಮುತ್ತೈದೆಯೇ, ಹೂವು ಮುಡಿಯಬಹುದು, ನಗಬಹುದು. ಓಚ್ಚಮ್ಮಾಳ ತಾಯಿ ಚಿನ್ನತಾಯಿ ಆ ದಿನ ಹತ್ತಿ ಬಿಡಿಸುತ್ತಾ ಯಾವುದೋ ಮಾತಿಗೆ ನಗುತ್ತಿದ್ದಳಂತೆ. ಎಲ್ಲೆಕಲ್ಲಿನ ಬಳಿ ಬರಿದಲೆಯ ಒಬ್ಬ ಬಂದು ನಿಂತ. ಆ ನಗು ನಡುವೆಯೇ ನಿಂತುಹೋದದ್ದನ್ನು ಮಗಳು ಕಣ್ಣಾರೆ ಕಂಡಳು. ಕೊಂದದ್ದು ಬೆಟ್ಟವಲ್ಲ, ಬರಿದಲೆಯವನ ಬಾಯಿ ಎಂದು ಆ ಹುಡುಗಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕೊಂಬೈಯ ಸೋದರತ್ತೆ ಪಾಪಮ್ಮಾಳ ಮಗ ಮೂಕಯ್ಯನಿಗೆ ಅವಳನ್ನು ಕೊಟ್ಟರು. ಅವಳನ್ನು ಕಟ್ಟಿಕೊಳ್ಳುವ ಹಕ್ಕು ತನ್ನದೆಂದು ತಾಯಿಯ ಕಡೆಯ ನೆಂಟನೊಬ್ಬ ಹತ್ತಾಳು ಕಟ್ಟಿಕೊಂಡು ದೊಣ್ಣೆ ಹಿಡಿದು ಚಪ್ಪರಕ್ಕೆ ನುಗ್ಗಿದ. ಮದುಮಗಳು ಬಾಸಿಂಗ ಬಿಚ್ಚದೆ ಹಸೆಯಿಂದ ಇಳಿದಳು, ಒನಕೆ ತೆಗೆದುಕೊಂಡಳು. ಹತ್ತಾಳಲ್ಲಿ ಮೂವರನ್ನು ಹೊತ್ತುಕೊಂಡು ಹೋಗಬೇಕಾಯಿತು. ಆಮೇಲೆ ಬಂದು ಕೂತು ತಲೆ ಬಗ್ಗಿಸಿ ತಾಳಿ ಕಟ್ಟಿಸಿಕೊಂಡಳು.

ಗಂಡನ ಹೆಸರು ಮಾತ್ರ ಮೂಕಯ್ಯ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅಕ್ಕಿ ಉಪ್ಪು ಹೇರಿಕೊಂಡು ಬೆಟ್ಟದ ತೋಟಗಳಿಗೆ ಹತ್ತುವುದು, ಏಲಕ್ಕಿ ಹೇರಿಕೊಂಡು ಇಳಿಯುವುದು ಅವನ ಕಸುಬು. ಚಿಕ್ಕಪ್ಪನ ಮಗನಾದ ನಮ್ಮ ತಾತ ಅವನ ಜೋಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರ ಜಗಳದಲ್ಲಿ ಉಣ್ಣುವ ಮಡಕೆಯೇ ಉಳಿಯುತ್ತಿರಲಿಲ್ಲ. ಆದರೂ ಅವನು ಬೆಟ್ಟ ಹತ್ತಿದ ದಿನದಿಂದ ಇಳಿಯುವ ದಿನದವರೆಗೆ ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಊರಿಗೆಲ್ಲ ಹೆದರಿಕೆ ಹುಟ್ಟಿಸಿದವಳಿಗೆ ಇದ್ದ ಒಂದೇ ಹೆದರಿಕೆ ಅದು.

ಸಾವಿರದ ಎಂಟುನೂರ ತೊಂಬತ್ತಮೂರು. ಬೋಡಿಮೆಟ್ಟಿನ ಮೇಲೆ ಏಲಕ್ಕಿ ತೋಟದ ಒಬ್ಬ ದೊರೆ ನಕ್ಷತ್ರ ನೋಡುವ ಹಿತ್ತಾಳೆ ಕೊಳವೆಯನ್ನು ಹಡಗಿನಲ್ಲಿ ತರಿಸಿದ್ದ. ಗಾಜಿನ ಪೆಟ್ಟಿಗೆಯನ್ನು ಎತ್ತಿನ ಬೆನ್ನಿಗೆ ನಂಬಲಾಗದೆ ಮೂಕಯ್ಯನ ತಲೆಯ ಮೇಲೆ ಹೊರಿಸಿದರು. ಹೊತ್ತವನು ಸುಮ್ಮನಿದ್ದಾನೆಯೇ? ಒಂದು ಸಲ ನೋಡಬೇಕೆಂದು ಹಟ ಹಿಡಿದ. ದೊರೆ ತೋರಿಸಿದ, ತೋಟದ ಲೆಕ್ಕ ಬರೆಯುವ ಕಣಕ್ಕುಪಿಳ್ಳೆ ರಂಗಸಾಮಿ ದೊರೆಯ ಮಾತನ್ನು ತಮಿಳಿನಲ್ಲಿ ಬಿಡಿಸಿ ಹೇಳಿದ. ಮನೆಗೆ ಬಂದ ಮೂಕಯ್ಯ ಅಂಗಳದಲ್ಲಿ ಜೋಳ ಕೇರುತ್ತಿದ್ದ ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತ. ತಾತ ಪಕ್ಕದಲ್ಲೇ ಎತ್ತು ಕಟ್ಟುತ್ತಿದ್ದರು.

"ಒಳಗೆ ಏನ್ ಕಂಡೆ ಮಾಮಾ?" ನಮ್ಮ ಹೆಂಗಸರು ಗಂಡನನ್ನು ಕರೆಯುವುದು ಹಾಗೆಯೇ.

"ಹಿಟ್ಟು ಚೆಲ್ಲಿದಂಗೆ ಬೆಳ್ಳಗೆ ಒಂದು ಮಬ್ಬು. ಅದರ ಬೆಳಕು ಅಲ್ಲಿಂದ ಹೊರಟು ಬಾಳಾ ಕಾಲ ಆಯ್ತಂತೆ. ನಮ್ಮ ತಾತನ ತಾತ ಹುಟ್ಟಕೆ ಮುಂಚೆ ಹೊರಟದ್ದು ಈಗ ಬಂದು ನನ್ನ ಕಣ್ಣಿಗೆ ಬಿತ್ತು."

"ಬೆಳಕು ನಡ್ಕೊಂಡ್ ಬತ್ತದಾ?"

"ಆಮಾ. ಕೇದ ತರೋ ಆಳಂಗೆ ನಡ್ಕೊಂಡೇ ಬತ್ತದೆ. ಅಷ್ಟ್ರಲ್ಲಿ ಅಲ್ಲಿ ಅದು ಸತ್ತೇ ಹೋಗಿರಬೌದು. ನಮಗೆ ಮಾತ್ರ ಇನ್ನೂ ಉರೀತಾ ಅದೆ."

ಮೊರ ನಿಂತಿತು. "ಸೆರಿ, ಅದರ ಆಚೆ?"

"ನಾನೂ ಅದ್ನೇ ಕೇಳ್ದೆ. ಆಚೆ ಅದೆಯಂತೆ, ಬೇಕಾದಷ್ಟು ಅದೆಯಂತೆ. ಆದ್ರೆ ಅಲ್ಲಿಂದ ಹೊರಟ ಬೆಳಕು ಇನ್ನೂ ದಾರಿಲೇ ಅದೆ. ಅದು ಬರೋವರ್ಗೂ ಯಾವ ಕೊಳವೆಗೂ ಕಾಣಕಿಲ್ಲ. ಏನದೆ ಅಂತ ದೊರೆಗೂ ಗೊತ್ತಿಲ್ಲೆ. ನಮ್ಮಂಗೇ ಬೆಟ್ಟ, ಹೊಲ ಇರಬೌದು. ಬರೀ ಬಯಲಿರಬೌದು. ನಿನ್ನಂಗೆ ಇನ್ನೊಬ್ಬಳು ಗಂಡನ ಮೇಲೆ ಮಡಕೆ ಒಡೀತಾ ಇರಬೌದು."

ಅವಳು ನಗಲಿಲ್ಲ. "ಹಂಗಾರೆ ಸೇದಿ ಬರೋವರ್ಗೂ ಅಲ್ಲಿ ಯಾರೂ ಸತ್ತಿಲ್ಲೆ."

"ನಮ್ಮ ಪಾಲಿಗೆ ಸತ್ತಿಲ್ಲೆ."

"ಅಷ್ಟು ಸಾಕು," ಅಂದವಳು ಮತ್ತೆ ಕೇರಲು ತೊಡಗಿದಳು.

ಈ ಮಾತಿನಿಂದಲೇ ನಮ್ಮ ತಾತನ ಕಣ್ಣು ಹೋದದ್ದು. ಆ ದೊರೆ ತನ್ನ ಕೊಳವೆಯನ್ನು ತನ್ನ ದೇಶದಲ್ಲೇ ಇಟ್ಟುಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಆದರೆ ಅವಳ ಹತ್ತು ವರ್ಷದ ಮನಸ್ಸು ಮೊದಲೇ ನಂಬಿದ್ದ ಮಾತಿಗೆ ಆಕಾಶವೇ ಸಾಕ್ಷಿ ಹೇಳಿದ ಹಾಗಾಗಿತ್ತು, ದೊರೆಯೊಬ್ಬನನ್ನು ಬೈದು ಏನು ಬಂತು!

ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಕೊನೆ. ಮೂಕಯ್ಯ ಮತ್ತು ತಾತ ಬೋಡಿಮೆಟ್ಟಿನಿಂದ ಹಿಂದಿರುಗುವಾಗ ದೊಡ್ಡ ದಾರಿ ಬಿಟ್ಟು, ಬೆಟ್ಟದ ನೆತ್ತಿಯ ಕಾಲುದಾರಿ ಹಿಡಿದು ಕೊಂಬೈಗೆ ನೇರವಾಗಿ ಇಳಿಯುತ್ತಿದ್ದರು. ಊರಗೌಡನ ಮಗಳ ಮದುವೆಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂಬ ಆತುರ. ಬೆಳಗಿನ ಬಿಸಿಲೇರುವ ಹೊತ್ತಿಗೆ ಬಂಡೆಯ ತಿರುವಿನಲ್ಲಿ ಐದು ಜನ ಮಚ್ಚು ಹಿಡಿದು ಅಡ್ಡ ಬಂದರು. ಏಲಕ್ಕಿ ಬಿಟ್ಟು ಓಡಬಹುದಿತ್ತು. ಓಡಲಿಲ್ಲ, ಹೆಂಡತಿಯ ಸಹವಾಸದ ಫಲ. ಮೂಕಯ್ಯ ಒಬ್ಬನ ಕೊರಳಿಗೆ ಎತ್ತಿನ ಹಗ್ಗ ಬಿಗಿದು ಬಂಡೆಗೆ ಅಪ್ಪಳಿಸಿದ. ತಾತ ಇನ್ನೊಬ್ಬನ ಮಣಿಕಟ್ಟನ್ನು ಕೋಲಿನಿಂದ ಮುರಿದರು. ಮೂರನೆಯವನ ಮಚ್ಚು ಮೂಕಯ್ಯನ ತೊಡೆಗೆ ಇಳಿದು ಎಲುಬಿಗೆ ತಾಗಿ ನಿಂತಿತು. ಕಳ್ಳರು ಸಿಕ್ಕ ಎರಡು ಎತ್ತು ಹೊಡೆದುಕೊಂಡು ಹೋದರು.

ರಕ್ತ ಬುಗ್ಗೆಯಾಗಿ ಬರುತ್ತಿತ್ತು. ತಾತ ತಲೆಯ ರುಮಾಲು ಬಿಚ್ಚಿ ತೊಡೆಗೆ ಎರಡು ಸುತ್ತು ಸುತ್ತಿ, ಮಂಡಿ ಕೊಟ್ಟು ಬಿಗಿದು ಗಂಟು ಹಾಕಿದರು. ರಕ್ತ ನಿಂತಿತು. ಹೊತ್ತುಕೊಂಡು ಇಳಿಯಲು ನೋಡಿದರೆ ಗಂಟು ಸಡಿಲವಾಗಿ ಮತ್ತೆ ಹರಿಯತೊಡಗಿತು. ಹಳ್ಳದ ಪಕ್ಕದ ಬಂಡೆಯ ನೆರಳಲ್ಲಿ ಮಲಗಿಸಿದರು.

"ನಾಲ್ಕಾಳು, ಒಂದು ಮಂಚ ತಕೊಂಡ್ ಬಾ ಕಾಳಿ," ಅಂದ ಮೂಕಯ್ಯ. "ಗಂಟು ನಾನು ಹಿಡ್ಕೊಂಡಿರ್ತೀನಿ. ಸಾಯಂಕಾಲದ ಮದುವೆ ಊಟ ಬಿಡಬಾರ್ದು."

ತಾತ ಆರು ಮೈಲಿ ಓಡಿದರು. ಎಲ್ಲೆಕಲ್ಲಿನ ಪಕ್ಕದ ಬಾವಿಯಲ್ಲಿ ಹೆಂಗಸರು ಮದುವೆಮನೆಗೆ ನೀರು ಸೇದುತ್ತಿದ್ದರು. ಅವರಲ್ಲಿ ಓಚ್ಚಮ್ಮಾಳೂ ಇದ್ದಳು, ತಲೆತುಂಬ ಕನಕಾಂಬರ, ಸೊಂಟದಲ್ಲಿ ಎಂದಿನಂತೆ ಕವಣೆ. ತಾತನ ತಲೆ ಬರಿದು, ಬಟ್ಟೆಯೆಲ್ಲ ರಕ್ತ. ಒಬ್ಬಳು ನೀರು ಚಾಚಿದಳು. ಓಡಿಬಂದ ಎದೆಗೆ ನೀರು ಬೀಳಬಾರದೆಂದು ತಾತ ತಲೆ ಅಲ್ಲಾಡಿಸಿದರು. ಅಣ್ಣನ ರಕ್ತ ಮೈಗೆ ಬಳಿದುಕೊಂಡು ಅತ್ತಿಗೆಯ ಮುಖ ಹೇಗೆ ನೋಡುವುದೆಂದು ಬೇರೆ ಕಡೆ ತಿರುಗಿ, ಆಳು ಮಂಚ ಹೊರಡಿಸಬಲ್ಲ ಗೌಡನಿಗಾಗಿ ಕೂಗಿದರು:

"ಗೌಡ್ರೆಲ್ಲಿ? ಗೌಡ್ರನ್ನ ಕೂಗಿ!"

ಬರಿದಲೆ, ಮುಟ್ಟದ ನೀರು, ತಿರುಗಿಸಿದ ಮುಖ, ಗೌಡನಿಗೆ ಕರೆ. ಅಲ್ಲಿದ್ದ ಪ್ರತಿ ಹೆಂಗಸಿಗೂ ಅರ್ಥವಾಯಿತು. ಒಬ್ಬಳ ಕೈಯಿಂದ ಕೊಡ ಜಾರಿ ಒಡೆಯಿತು.

"ಕಾಳಿ, ಅಲ್ಲೇ ನಿಲ್ಲು," ಅಂದಳು ಓಚ್ಚಮ್ಮಾಳ್. "ಬಾಯಿ ತೆಗೀಬೇಡ."

ಮೊದಲ ಕಲ್ಲು ತಾತನ ಕಾಲ ಬುಡದ ಮಣ್ಣು ಹಾರಿಸಿತು. ತಾತ ಎರಡೂ ಕೈ ಎತ್ತಿದರು. "ಅತ್ತಿಗೆ, ಅಣ್ಣ..."

ಎರಡನೆಯ ಕಲ್ಲು ಎಡಗಣ್ಣಿಗೆ ಬಿತ್ತು. ತಾತ ಕಡಿದ ಮರದ ಹಾಗೆ ಉರುಳಿದರು.

ನಾನು ಹುಡುಗನಾಗಿದ್ದಾಗ ತಾತನ ಮೇಲೆ ರೇಗಿದ್ದುಂಟು. ಮೊದಲು 'ಬದುಕಿದ್ದಾನೆ' ಎಂದು ಯಾಕೆ ಹೇಳಲಿಲ್ಲ? ಅವರು ಅಂದರು: "ಬದುಕಿರೋವ್ನನ್ನ ಬದುಕಿದಾನೆ ಅಂತ ಯಾರಪ್ಪಾ ಯೋಳ್ತಾರೆ?"

ಓಚ್ಚಮ್ಮಾಳ್ ಎಲ್ಲೆಕಲ್ಲಿನ ಮೇಲೆ ಕಾಲಿಟ್ಟು ನಿಂತಳು. ಮಡಿಲಲ್ಲಿ ಕಲ್ಲು ತುಂಬಿಕೊಂಡಳು. ತಾತನನ್ನು ಎತ್ತಲು ಹೋದ ಪಾಂಡಿ ಎಂಬುವನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಇನ್ನೊಬ್ಬನ ಕಿವಿ ಹರಿಯಿತು. ಮೂಕಯ್ಯನ ತಾಯಿ ಪಾಪಮ್ಮಾಳ್ ಎದೆ ಬಡಿದುಕೊಂಡು ಓಡಿಬಂದಳು.

"ನನ್ನ ಮಗನಿಗೆ ಏನಾಯ್ತು, ಅವ್ನನ್ನ ಎಬ್ಬಿಸಿ ಕೇಳೇ!"

"ಅತ್ತೆ, ಇನ್ನೊಂದು ಹೆಜ್ಜೆ ಇಟ್ರೆ ನಿನ್ನ ಮಂಡಿ ಒಡೀತೀನಿ. ನಿನ್ನ ಮಗ ಬದುಕಿದಾನೆ. ಈ ಕಲ್ಲಿನ ಈಚೆ ಬದುಕೇ ಇದಾನೆ."

ಆಮೇಲೆ ಬಂದ ಊರಗೌಡ, ಕೈಗೆ ಗಂಧ ಹಚ್ಚಿಕೊಂಡು. ನನ್ನ ಸಿಟ್ಟೆಲ್ಲ ಈ ಮನುಷ್ಯನ ಮೇಲೆ. ನೂರು ಗಂಡಸರಿದ್ದರು ಊರಲ್ಲಿ, ಒಬ್ಬ ಹೆಂಗಸಿನ ಕೈ ಹಿಡಿಯುವುದು ಅಸಾಧ್ಯವೇನಲ್ಲ. ಆದರೆ ಮೂಕಯ್ಯ ಗೌಡನ ದಾಯಾದಿ. ಕೇದ ಕಿವಿಗೆ ಬಿದ್ದರೆ ಸೂತಕ, ಮದುವೆ ನಿಲ್ಲುತ್ತದೆ, ಬಂದ ಬೀಗರು ಗಾಡಿ ತಿರುಗಿಸುತ್ತಾರೆ. ಅವನು ನೆಲದಲ್ಲಿ ಬಿದ್ದಿದ್ದ ತಾತನ ಬರಿದಲೆಯನ್ನು ನೋಡಿದ, ಚಪ್ಪರದ ಕಡೆ ನೋಡಿದ.

"ಕೇದ ಇನ್ನೂ ಬಾಯಿಂದ ಬಂದಿಲ್ಲೆ," ಅಂದ. "ಬಾರದ ಕೇದಕ್ಕೆ ತೀಟು ಇಲ್ಲೆ, ಸೂತಕ ಇಲ್ಲೆ. ತಾಳಿ ಆಗ್ಲಿ, ಆಮೇಲೆ ನೋಡ್ಕೊಳ್ಳಾಣ. ಮೇಳ ಬಾರಿಸ್ರೋ!"

ಒಬ್ಬಳು ಹೆಂಗಸು ಹೆದರಿಕೆಯಿಂದ ಮಾಡಿದ್ದನ್ನು ಒಂದು ಊರು ಅನುಕೂಲಕ್ಕಾಗಿ ಮಾಡಿತು. ಮೇಳ ಮೊಳಗಿತು. ಎಲ್ಲೆಕಲ್ಲಿನ ಪಕ್ಕದ ಹುಣಿಸೆಮರದ ಕೆಳಗೆ, ಬಿದ್ದಲ್ಲೇ ಬಿದ್ದಿದ್ದ ತಾತನ ಕಣ್ಣಿನ ಮೇಲೆ ನೊಣ ಕೂರುತ್ತಿದ್ದವು. ಕವಣೆ ಹಿಡಿದ ಓಚ್ಚಮ್ಮಾಳ್ ಬಿಸಿಲಲ್ಲಿ ಅಲ್ಲಾಡದೆ ನಿಂತಿದ್ದಳು, ಮುಡಿದ ಹೂವು ಬಾಡಿದರೂ ತೆಗೆಯಲಿಲ್ಲ.

ಹೊತ್ತು ಇಳಿದಾಗ ತಾತನಿಗೆ ಎಚ್ಚರವಾಯಿತು. ಅವರ ಮೊದಲ ಮಾತು ಕಿವಿಗೆ ಬಿದ್ದದ್ದು ಅವಳಿಗೇ.

"ಅಣ್ಣ ಉಸಿರಾಡ್ತಾ ಅವ್ನೆ, ಅತ್ತಿಗೆ. ತೊಡೆಗೆ ಏಟು. ಮಂಚ ತರಕೆ ಕಳ್ಸಿದ್ದ. ಹಳ್ಳದ ಬಂಡೆ ತಾವ."

ಅವಳು ಕೂಗಲಿಲ್ಲ. ಮಡಿಲ ಕಲ್ಲೆಲ್ಲ ಅಲ್ಲೇ ಉದುರಿದವು. ಸೀರೆ ಎತ್ತಿ ಕಟ್ಟಿ ಓಡಿದಳು, ಮಂಚ ಹೊತ್ತ ನಾಲ್ವರನ್ನು ಎಷ್ಟೋ ಹಿಂದೆ ಬಿಟ್ಟು ಓಡಿದಳು.

ಮೂಕಯ್ಯ ಊರಿನ ದಾರಿಗೆ ಮುಖ ಮಾಡಿ ಮಲಗಿದ್ದ. ಎರಡೂ ಕೈ ತೊಡೆಯ ಗಂಟಿನ ಮೇಲೆ ಇದ್ದವು. ಗಂಟು ಸಡಿಲವಾಗಿತ್ತು, ಬಿಗಿಯುವ ಕಸುವು ಬೆರಳಿಗೆ ಸಾಲದೆ ಹೋಗಿತ್ತು. ಬಂಡೆಯ ಕೆಳಗಿನ ಮರಳು ಕೆಂಪಾಗಿ, ಇರುವೆ ಸಾಲುಗಟ್ಟಿದ್ದವು. ಅವಳು ಎದೆಗೆ ಕೈಯಿಟ್ಟಳು. ಮೈ ಇನ್ನೂ ಬೆಚ್ಚಗಿತ್ತು.

ಅವಳು ಅವನನ್ನು ಮಂಚಕ್ಕೆ ಹಾಕಗೊಡಲಿಲ್ಲ. ಹೆಗಲ ಮೇಲೆ ಹೊತ್ತು ಆರು ಮೈಲಿ ಇಳಿದಳು. ಎಲ್ಲೆಕಲ್ಲಿನ ಬಳಿ ಇಳಿಸಿ, ಸೆರಗು ಜಾರಿಸಿ ತಲೆ ಬರಿದು ಮಾಡಿ, ಗೌಡನ ಹೆಸರು ಹಿಡಿದು ಕೂಗಿದಳು. ಮದುವೆ ಊಟದ ಎಲೆ ಮುಂದೆ ಕೂತಿದ್ದ ಊರು ಎದ್ದು ಬಂತು. ತನ್ನ ಗಂಡನ ಕೇದವನ್ನು ಅವಳೇ ಹೇಳಿದಳು.

ಆ ರಾತ್ರಿ ಪಾಪಮ್ಮಾಳ್ ಒನಕೆಯಿಂದ ಸೊಸೆಗೆ ಹೊಡೆದಳು. ಹೆಗಲ ಎಲುಬು ಮುರಿಯಿತು, ಪಕ್ಕೆ ಎರಡು ಮುರಿದವು. ಮೂವರನ್ನು ಒನಕೆಯಲ್ಲಿ ಉರುಳಿಸಿದ್ದ ಕೈ ಆ ದಿನ ಮೇಲೆ ಏಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಊರೆಲ್ಲ ಅವಳಿಗೆ ಗಾದೆ ಹೇಳಿತು. ಗೌಡ ಪಂಚಾಯತಿ ಸೇರಿಸಿ ಅವಳನ್ನು ಊರಾಚೆ ಹಾಕಬೇಕೆಂದ. ಕಣ್ಣಿಗೆ ಸೊಪ್ಪಿನ ಪಟ್ಟಿ ಕಟ್ಟಿಕೊಂಡ ತಾತ ಎದ್ದು ನಿಂತರು.

"ಆವತ್ತು ಮೇಳ ಬಾರಿಸಿ ಅಂದವ್ರು ಯಾರು? ಮೊದ್ಲು ಅವ್ರು ಊರಾಚೆ ಹೋಗ್ಲಿ."

ಪಂಚಾಯತಿ ತೀರ್ಪಿಲ್ಲದೆ ಎದ್ದಿತು. ಆದರೆ ಅವಳು ತಾನಾಗಿಯೇ ಎಲ್ಲೆಕಲ್ಲಿನ ಆಚೆ, ತಾತನ ಜೋಳದ ಹೊಲದಲ್ಲಿ ಗುಡಿಸಲು ಹಾಕಿಕೊಂಡಳು. ಕವಣೆಯನ್ನು ಒಲೆಗೆ ಇಟ್ಟಳು. ಅಂದಿನಿಂದ ಒಂದು ಕಲ್ಲನ್ನೂ ಕೈಯಲ್ಲಿ ಎತ್ತಲಿಲ್ಲ, ಹಿತ್ತಾಳೆ ತಟ್ಟೆ ಬಡಿದು ಹಕ್ಕಿ ಓಡಿಸುತ್ತಿದ್ದಳು. ಗಿಳಿಗಳು ಧೈರ್ಯವಾಗಿ ತಿಂದವು. ತಾತ ಸಂಜೆ ಹೊಲಕ್ಕೆ ಹೋದಾಗ ಅವಳ ಎಡಗಡೆಗೇ ಕೂರುತ್ತಿದ್ದರಂತೆ, ಹೋದ ಕಣ್ಣು ಅವಳಿಗೆ ಕಾಣದಿರಲಿ ಎಂದು.

ಒಂದು ಸಂಜೆ ಅವಳು ಕೇಳಿದಳು: "ಇಲ್ಲಿಂದ ಹೊರಟ ಬೆಳಕೂ ಅಲ್ಲಿಗೆ ನಡೀತಾ ಇರ್ತದಲ್ಲ ಕಾಳಿ?"

"ಇರ್ತದೆ ಅತ್ತಿಗೆ."

"ಹಂಗಾರೆ ನಮ್ಮ ಸೇದಿ ಇನ್ನೂ ಮುಟ್ಟದ ಊರಲ್ಲಿ ಯಾರಾದ್ರೂ ಕೊಳವೆ ಹಿಡ್ದು ಕೂತಿದ್ರೆ, ಅವ್ರ ಪಾಲಿಗೆ ನಾನಿನ್ನೂ ಬೀಸಿಲ್ಲೆ. ಕಲ್ಲು ಕವಣೆಲೇ ಅದೆ. ಮಾಮಾ ಗಂಟು ಹಿಡ್ಕೊಂಡು ಕಾಯ್ತಾ ಅವ್ನೆ."

"ಅದ್ರಿಂದ ನಮಗೇನು ಬಂತು ಅತ್ತಿಗೆ?"

"ಏನೂ ಬರ್ಲಿಲ್ಲ," ಅಂದಳು. "ಒಂದೂರಲ್ಲಾದ್ರೂ ಬೀಸಿಲ್ವಲ್ಲ, ಅಷ್ಟೇಯ."

ಅವಳು ಅತ್ತದ್ದನ್ನು ತಾತ ನೋಡಿದ್ದು ಆ ಒಂದೇ ಸಲ.

ತೊಂಬತ್ತೊಂಬತ್ತರ ಮಾಸಿ, ಶಿವರಾತ್ರಿಯ ತಿಂಗಳು. ಈಟಿ ಏಟು ತಿಂದು ಕೆರಳಿದ ಕಾಡುಹಂದಿಯೊಂದು ಹಾಡಹಗಲೇ ಜೋಳದಿಂದ ಹೊರಗೆ ನುಗ್ಗಿತು. ಅವಳು ತಟ್ಟೆ ಬಡಿದಳು, ಕೂಗಿದಳು. ಕಾಲ ಬಳಿ ಮುಷ್ಟಿಗಾತ್ರದ ಕಲ್ಲುಗಳು ರಾಶಿ ಬಿದ್ದಿದ್ದವು. ಬದುವಿನ ಮೇಲಿಂದ ತಾತ ಓಡುತ್ತಾ, "ಕಲ್ಲು ತಕೋ ಅತ್ತಿಗೆ, ಕಲ್ಲು ತಕೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಅವಳು ಬಗ್ಗಿದಳು, ಕಲ್ಲಿಗೆ ಕೈಯಿಟ್ಟಳು, ಎತ್ತದೆ ಮತ್ತೆ ನೆಟ್ಟಗೆ ನಿಂತಳು. ಹಂದಿಯ ಕೋರೆ ಹೊಟ್ಟೆಯಿಂದ ಎದೆಯವರೆಗೆ ಸೀಳಿತು. ತಾತ ಬಂದು ಕೊಡಲಿಯಲ್ಲಿ ಹಂದಿಯ ತಲೆ ಒಡೆದರು, ಸತ್ತ ಮೇಲೂ ಒಡೆಯುತ್ತಲೇ ಇದ್ದರು.

ಅವಳ ತವರು ಓಡೈಪಟ್ಟಿಗೆ ಕೇದ ಒಯ್ಯಬೇಕಿತ್ತು. ತಾತ ಬೇರೆ ಯಾರನ್ನೂ ಕಳಿಸಲಿಲ್ಲ, ರುಮಾಲು ಬಿಚ್ಚಿ ಮನೆಯಲ್ಲಿಟ್ಟು ತಾವೇ ನಡೆದರು. ಮರುದಿನ ಮಧ್ಯಾಹ್ನ ಎಲ್ಲೆಕಲ್ಲು ಮುಟ್ಟಿದಾಗ, ಕಲ್ಲಿನ ಈಚೆಯ ಹೊಲದಲ್ಲಿ ಅವಳ ತಾಯಿ, ಮುದುಕಿ ಚಿನ್ನತಾಯಿ ಒಬ್ಬಳೇ ಹತ್ತಿ ಬಿಡಿಸುತ್ತಿದ್ದಳು. ತಾತ ಗೌಡನನ್ನು ಕೂಗಲಿಲ್ಲ. ಕಲ್ಲಿಗೆ ಒರಗಿ ಸುಮ್ಮನೆ ಕೂತರು. ಇನ್ನೂ ಸ್ವಲ್ಪ ಹೊತ್ತು ಓಚ್ಚಮ್ಮಾಳ್ ಇಲ್ಲಿ ಬದುಕಿರಲಿ ಎಂದು ಕೂತೆ ಎಂದು ನನಗೆ ಹೇಳಿದರು.

ಮುದುಕಿ ತಲೆ ಎತ್ತಿದಳು. ಬರಿದಲೆಯ ಒಕ್ಕಣ್ಣನನ್ನು ಬಹಳ ಹೊತ್ತು ನೋಡಿದಳು. ಸೊಂಟದ ಮಡಿಲಿನಲ್ಲಿ ಹತ್ತಿ ತುಂಬಿಕೊಂಡು ಹತ್ತಿರ ಬಂದಳು, ನೀರಿನ ಸೋರೆಬುರುಡೆಯನ್ನು ಅವರ ಮುಂದೆ ಇಟ್ಟಳು. ತಾತ ಮುಟ್ಟಲಿಲ್ಲ. ಅವಳು ಬುರುಡೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

"ಇನ್ನು ಎರಡು ಸಾಲು ಅದೆ ಅಪ್ಪಾ," ಅಂದಳು. "ಬಿಡಿಸಿ ಮುಗಿಸ್ತೀನಿ. ಆಮೇಲೆ ಯೋಳು."

ತಾತ ಎದ್ದು ಹೋಗಿ ಅವಳ ಪಕ್ಕದ ಸಾಲು ಹಿಡಿದರು.